ಏಳು ಬಟಾಣಿ

ತಾರ್ತುವಿನ ಒಂದು ನೆಲಮಾಳಿಗೆ. ಮೇಜಿನ ಮೇಲೆ ಉಪ್ಪುಸೌತೆ,
ಆರಿದ ಚಹಾ, ಇಪ್ಪತ್ತು ಮುಖದ ದಾಳ.
ಲೇಲೊ ಹೇಳಿದಳು: "ಹೊಳೆಯ ಮೇಲಿನ ಹಿಮ ಬಿರಿಯಿತು. ತಮ್ಮ ಬಿದ್ದ."
ಆ ಸದ್ದು ನಮಗೆಲ್ಲ ಕೇಳಿಸಿತು.

ಊರ್ಮಾಸ್ ನಿಯಮದ ಪುಸ್ತಕ ತೆರೆದ.
ನೂರ ನಲವತ್ತೆರಡನೇ ಪುಟ. ಅಲ್ಲ, ಅನುಬಂಧ.
ಹಿಮದ ದಪ್ಪಕ್ಕೊಂದು ಪಟ್ಟಿ, ತೊಟ್ಟ ಬೂಟಿಗೊಂದು ಕಡಿತ.
ಅಷ್ಟು ಹೊತ್ತೂ ಹುಡುಗ ನೀರಲ್ಲೇ, ಬಾಯಿ ತೆರೆದು,
ಮುಳುಗಲೂ ಅಪ್ಪಣೆಯಿಲ್ಲದೆ.
ಲೇಲೊ ಫೋನು ನೋಡಿದಳು. ನಾನು ಸೌತೆ ಕಡಿದೆ.
ಹೊಳೆ ಮತ್ತೆ ಮೇಜಾಯಿತು.

ಮಾಲ್ಲೆ, ಶಾಲೆಯ ಅಡುಗೆಮನೆಯಲ್ಲಿ ದುಡಿಯುವಾಕೆ,
ಚೀಲದಿಂದ ಒಣ ಬಟಾಣಿ ತೆಗೆದು ಬಟ್ಟಲಿಗೆ ಸುರಿದಳು.
"ಏಳು ಉಸಿರು. ಯಾರು ಮಾತಾಡಿದರೂ ಒಂದು ಹೋಗುತ್ತದೆ.
ಇಷ್ಟೇ ಕಾನೂನು."

"ಹಗ್ಗ," ಎಂದೆ. ಆರು.
"ಎಲ್ಲಿ?" ಎಂದ ಊರ್ಮಾಸ್. ಐದು.
ಆಮೇಲೆ ನಾಲಿಗೆಗೇ ಹೆದರಿದೆವು.
ಕಣ್ಣಲ್ಲೇ ಗಂಟು ಹಾಕಿದೆವು, ಕೈಯಲ್ಲೇ ಎಳೆದೆವು,
ಬರಿ ಗಾಳಿ ಅಂಗೈ ಕೊಯ್ಯಿತು.
ಲೇಲೊ ತಡೆಯಲಾರದೆ ಕೂಗಿದಳು ತಮ್ಮನ ಹೆಸರು.
ನಾಲ್ಕು. ಮತ್ತೆ ಕೂಗಿದಳು.
ಅವಳಿಗೆ ತಮ್ಮನೇ ಇಲ್ಲ.

ಮೂರಿರಬೇಕಾದಲ್ಲಿ ಎರಡು. ಯಾರೂ ಎಣಿಸಲಿಲ್ಲ.
ಕೊನೆಯದನ್ನು ಮಾಲ್ಲೆ ಎತ್ತಿದಾಗ ಹಗ್ಗ ಇನ್ನೂ
ಅರ್ಧ ಮಾರು ದೂರವಿತ್ತು.

ಮನೆಯ ದಾರಿಯಲ್ಲಿ ಸೇತುವೆ, ಕೆಳಗೆ ಹೆಪ್ಪುಗಟ್ಟಿದ ಹೊಳೆ.
ಕೈಗವಸಿನ ಬೆರಳ ತುದಿಯಲ್ಲಿ ಗುಂಡಗೆ ಒತ್ತುತ್ತಿದೆ:
ಉಳಿಸುತ್ತೇನೆಂದುಕೊಂಡೇ
ಬಟ್ಟಲಿಂದ ಕದ್ದದ್ದು.
ನೀರಿಗೆಸೆಯಲು ಆಗಲಿಲ್ಲ.
ಬಾಯಲ್ಲಿಟ್ಟುಕೊಂಡೆ,
ಕದ ತೆರೆದು ಹೆಂಡತಿ "ಗೆದ್ದಿರಾ?" ಎನ್ನುವವರೆಗೂ.