ಮುಹರ್ರಕ್‌ನಲ್ಲಿ ಕ್ಸೆನಾನ್

ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತೇನೆ, ಅಡುಗೆಗಲ್ಲ.
ಗಾಜಿನ ಕೊಳವೆಯೊಳಗೆ ಅಂಟಿಕೊಂಡ ರುಬಿಡಿಯಂ,
ಪಾತ್ರೆಯ ತಳದ ತುಪ್ಪದ ಜಿಡ್ಡಿನಷ್ಟು,
ಕಾದು ಆವಿಯಾಗಬೇಕು.
ಹೊರಗೆ ವಿಮಾನ ಇಳಿಯುವ ಸದ್ದು,
ಡ್ರೈಡಾಕಿಗೆ ಹೊರಟ ಬಸ್ಸುಗಳು
ಕೆಮ್ಮುತ್ತ ತಿರುವು ದಾಟುವ ಸದ್ದು.

ಲೇಸರ್ ಹಾಕಿದರೆ ಏನೂ ಕಾಣುವುದಿಲ್ಲ.
ಕಣ್ಣಿಗೆ ಬೀಳದ, ಆದರೆ ಕಣ್ಣು ಸುಡಬಲ್ಲ ಬೆಳಕು;
ಹಸಿರು ಕನ್ನಡಕ ಏರಿಸಿ ಕೂತು ನಂಬಬೇಕು.
ಬೆಳಕು ಸುತ್ತುತ್ತ ಬಂದು ರುಬಿಡಿಯಂ ಕಿವಿಯಲ್ಲಿ ಹೇಳುತ್ತದೆ,
ರುಬಿಡಿಯಂ ಮೈಗೆ ಮೈ ತಾಗಿಸಿ ಕ್ಸೆನಾನ್‌ಗೆ ಹೇಳುತ್ತದೆ:
ಎಲ್ಲರೂ ಒಂದೇ ಕಡೆ ತಿರುಗಿ.
ಚಾಡಿ ಹಬ್ಬುವ ಹಾಗೆಯೇ ಹಬ್ಬುತ್ತದೆ ಶಿಸ್ತು ಕೂಡ.

ಬರೀ ಗಾಳಿಯಾಗಿದ್ದಾಗ ಅವು ಹೀಗಲ್ಲ.
ಅರ್ಧ ಆ ಕಡೆ, ಅರ್ಧ ಈ ಕಡೆ,
ಹತ್ತು ಲಕ್ಷಕ್ಕೆ ಒಂದೋ ಎರಡೋ ಹೆಚ್ಚು.
ಅಷ್ಟು ಸಣ್ಣ ಬಹುಮತ
ಯಾವ ಕಾಂತದ ಕಿವಿಗೂ ಕೇಳಿಸದು.
ಇವತ್ತು ನೂರಕ್ಕೆ ಇಪ್ಪತ್ತೆಂಟು. ಡೈರಿಯಲ್ಲಿ ಬರೆದೆ.

ದ್ರವ ಸಾರಜನಕದಲ್ಲಿ ಅದು ಹಿಮವಾಗುತ್ತದೆ.
ಹೊರಗೆ ನಲವತ್ತಾರು ಡಿಗ್ರಿ, ಇಲ್ಲಿ ಬೆರಳುದ್ದ ಬಿಳುಪು.
ಈ ದ್ವೀಪಕ್ಕೆ ಬೀಳುವ ಹಿಮವೆಲ್ಲ
ನನ್ನ ಕೈಯಿಂದ ಬಿದ್ದದ್ದು.

ಮೊದಲ ದಿನ ಡಾಕ್ಟರ್ ಬದ್ರಿಯಾ ಹೇಳಿದ್ದರು,
ಕ್ಸೆನಾನ್ ಅಂದರೆ ಗ್ರೀಕರ ಮಾತಿನಲ್ಲಿ ಅಪರಿಚಿತ, ಹೊರಗಿನವ;
ಯಾರ ಜೊತೆಗೂ ಸುಲಭಕ್ಕೆ ಕೂಡದ ಅನಿಲ.
ನಮ್ಮಲ್ಲಿ ಪರದೇಶಿ ಅಂತೀವಿ ಎಂದೆ,
ಬೇರೆ ದೇಶದವನಿಗೂ ಅದೇ, ಯಾರೂ ಇಲ್ಲದವನಿಗೂ ಅದೇ.
ಅರಬಿಯಲ್ಲಿ ಘರೀಬ್, ಎಂದರು.
ಆ ಪದ ನಮ್ಮೂರಿಗೂ ಬಂದಿದೆ ಡಾಕ್ಟ್ರೇ,
ಬರುವ ದಾರಿಯಲ್ಲಿ ದುಡ್ಡು ಕಳೆದುಕೊಂಡಿದೆ.

ಒಂಬತ್ತೂಕಾಲಿಗೆ ಗಂಗೊಳ್ಳಿಯ ಶಿನಯ್ಯ ಖಾರ್ವಿ.
ಹತ್ತೊಂಬತ್ತು ವರ್ಷ ಹಡಗಿನ ಹೊಟ್ಟೆಯ ಅಡಿಯಲ್ಲಿ ನಿಂತು
ಪುಡಿ ಹಾರಿಸಿ ತುಕ್ಕು ಕೆರೆದವರು.
ಎಕ್ಸ್‌ರೇ ಅಂಥದ್ದೇನಿಲ್ಲ ಅನ್ನುತ್ತದೆ.
ಕ್ಯಾಂಪಿನ ಎರಡನೇ ಮಹಡಿ ಇದೆ ಅನ್ನುತ್ತದೆ.
ತಂತಿ ಹೊಲಿದ ಜಾಕೀಟು ತೊಡಿಸಿ ಮಲಗಿಸಿದೆ.
ಹಿಮ ಕರಗಿಸಿ ಚೀಲಕ್ಕೆ ತುಂಬಿ ನಡೆದೆ,
ಓಡಬಾರದು, ನಿಲ್ಲಲೂ ಬಾರದು.

ಒಳಗೆ ಹೋದ ಮೇಲೆ ಅದಕ್ಕಿರುವುದು ಇಪ್ಪತ್ತು ಸೆಕೆಂಡು.
ನಮ್ಮನ್ನು ಬದುಕಿಸುವ ಆಮ್ಲಜನಕವೇ
ಅದನ್ನು ಮುಟ್ಟಿ ಮುಟ್ಟಿ ಮರೆಸುತ್ತದೆ,
ಯಾವ ಕಡೆ ತಿರುಗಿದ್ದೆ ಎಂಬುದನ್ನು.
ಎಳಕೊಳ್ಳಿ. ಹಿಡೀರಿ.
ಕಾಂತ ಬಡಿಯತೊಡಗಿತು.
ಹತ್ತಕ್ಕೆ ಬಿಡಿ ಎಂದೆ. ಬಿಡಲಿಲ್ಲ.
ಹನ್ನೆರಡು. ಹದಿನಾಲ್ಕು.
ಬದ್ರಿಯಾ ಅವರ ಮುತ್ತಜ್ಜ ಮುತ್ತಿಗೆ ಮುಳುಗುತ್ತಿದ್ದವರಂತೆ;
ಅವರು ಏನೂ ಅನ್ನಲಿಲ್ಲ, ಗಡಿಯಾರ ನೋಡಿದರು.
ಖಾರ್ವಿಯವರೇ, ಉಸಿರು ಬಿಡಿ!

ಹದಿನೆಂಟಕ್ಕೆ ಬಿಟ್ಟರು.
‘ಎಷ್ಟ್ ಆಯ್ತ್?’
ಭಾರದ ಗಾಳಿ ಗಂಟಲಲ್ಲಿ ಇನ್ನೂ ಉಳಿದು
ದನಿ ಪಾತಾಳಕ್ಕೆ ಇಳಿದಿತ್ತು, ಬೇರೆ ಯಾರದೋ ಹಾಗೆ.
ಪಂಚಗಂಗಾವಳಿಯ ಅಳಿವೆಯಲ್ಲಿ ಚಿಪ್ಪಿಗೆ ಮುಳುಗುವಾಗ
ಎಂಬತ್ತರ ತನಕ ಎಣಿಸುತ್ತಿದ್ದರಂತೆ.

ಪರದೆಯ ಮೇಲೆ ಅವರ ಶ್ವಾಸ:
ಬಲಗಡೆ ಬೆಳ್ಳಗೆ, ಮೇಲೆ ಬೆಳ್ಳಗೆ,
ಎಡದ ತಳದಲ್ಲಿ ಗಾಳಿ ಹೋಗಿಯೇ ಇಲ್ಲ.
ಅಂಗೈಯಗಲದ ಕಪ್ಪು,
ಇಲಿ ತಿಂದ ರೊಟ್ಟಿಯಂಥ ಅಂಚು.
ರಕ್ತದ ಗೆರೆಯೂ ಇರಬೇಕಾದಷ್ಟು ಎತ್ತರವಿಲ್ಲ.
ಬದ್ರಿಯಾ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

‘ಈ ಪಟ ಕಂಪ್ನಿಗೆ ಹೋತ್ತಾ?’

ಗಾಜಿನ ಆಚೆಯಿಂದ ಕೇಳಿದ್ದು ನನ್ನನ್ನೇ,
ಊರ ಮಾತು ತಿಳಿಯುವವಳು ನಾನೊಬ್ಬಳೇ ಅಲ್ಲಿ.
ಗುಂಡಿ ಒತ್ತಿ ಮೈಕಿನಲ್ಲಿ ಉತ್ತರ ಕೊಡಬೇಕು.
ಒತ್ತಿದೆ. ಒತ್ತಿಯೇ ಇದ್ದೆ.
ನನ್ನ ಉಸಿರಾಟ ಅವರಿಗೆ ಕೇಳಿಸಿರಬೇಕು.

ಎರಡನೇ ಚೀಲ ಕಾಂತದ ಪಕ್ಕ ಕೂತು
ಮೆಲ್ಲಗೆ ಮರೆಯುತ್ತಿತ್ತು.
ಇಪ್ಪತ್ತೈದು. ಇಪ್ಪತ್ನಾಲ್ಕು.

ಇನ್ನೊಂದ್ಸಲ ತೆಗೀಬೇಕು ಎಂದೆ,
ಈ ಸಲ ಬಿಡಿ ಅಂದ ಕೂಡಲೇ ಬಿಡಬೇಕು.
ಅವರು ನಕ್ಕರು,
ಕೊಳವೆಗೆ ತಾವೇ ಬಾಯಿ ಕೊಟ್ಟರು.