ಎರಡನೇ ದಿನ

"ಮುಟ್ಟಿನ ಎರಡನೇ ದಿನ ಬಾ, ತಪ್ಪಿದರೆ ಮೂರನೇ ದಿನ.
ಬರಿಹೊಟ್ಟೆ, ಬೆಳಿಗ್ಗೆ ಏಳಕ್ಕೆ,"
ಎಂದಳು ಕಾಜುಬಾಗದ ಲ್ಯಾಬಿನ ಆಗ್ನೆಲಾ ಬಾಯಿ
ಚೀಟಿಯಿಂದ ಕಣ್ಣೆತ್ತದೆ.
ಆ ದಿನ ಬರೂದಿಲ್ಲ ಅಂತಲೇ ಅಲ್ವಾ ನಾನು ಬಂದದ್ದು?

"ಹೊರಗಾಗಿ ಎಷ್ಟಾಯ್ತು?"
ದಿನಾ ಐದೂ ನಲವತ್ತರಿಂದ ಹೊರಗೇ ಇರ್ತೇನೆ ಬಾಯಿ,
ಕಾರವಾರ–ಮಾಜಾಳಿ, ಎಂಟು ಟ್ರಿಪ್ಪು.
ಆಕೆ ನಗಲಿಲ್ಲ.
ನೂರಾ ಹನ್ನೊಂದು ದಿನ, ಎಂದೆ.

ಡಿಪೋದಲ್ಲಿ ರಜೆ ಅರ್ಜಿಗೆ ತಾರೀಖು ಬೇಕು.
"ಬಂದ ಮರುದಿನ" ಎಂದು ಬರೆದುಕೊಟ್ಟೆ.
ಯಾರು ಬರೂದು, ನೆಂಟರಾ? ಗುಮಾಸ್ತ ಕೇಳಿದ.
ಹೌದು ಸಾರ್, ಹೇಳಿ ಕೇಳಿ ಬರುವ ಪೈಕಿ ಅಲ್ಲ.

ಕರೆಸಲಿಕ್ಕೆ ಡಾಕ್ಟರು ಹತ್ತು ದಿನದ ಗುಳಿಗೆ ಕೊಟ್ಟರು.
ಸ್ಟಾಪುಗಳ ಹೆಸರಿನಂತೆ ಪಟ್ಟಿ ಬಾಯಿಪಾಠ ಮಾಡಿದೆ:
ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್,
ಥೈರಾಯ್ಡು, ಪ್ರೊಲ್ಯಾಕ್ಟಿನ್
(ಇವೆರಡು ಕಳ್ಳರಲ್ಲ ಅಂತ ಮೊದಲು ಖಾತ್ರಿಯಾಗಬೇಕಂತೆ),
ಹಸಿದ ಹೊಟ್ಟೆಯ ಇನ್ಸುಲಿನ್, ಕೊನೇ ಸ್ಟಾಪು ಎಎಂಎಚ್.

ಬಂತು.
ಶನಿವಾರ ಸಂಜೆ, ಕಾಳಿ ಸೇತುವೆಯ ನಟ್ಟನಡುವೆ,
ಮೀನುಬುಟ್ಟಿಯ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟು ಹರಿಯುವಾಗ.
ಹಿಂದಿನ ಸೀಟಿನ ಕಂಬ ಹಿಡಿದು ನಿಂತೆ.
ಇಷ್ಟು ಖುಷಿ ಹದಿಮೂರರಲ್ಲೂ ಆಗಿರಲಿಲ್ಲ,
ಆಗ ಅತ್ತಿದ್ದೆ.

ಆದಿತ್ಯವಾರ ಲ್ಯಾಬಿಗೆ ಬೀಗ.
ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರ್ ತಳೇಕರ ಚಾ ಚಾಚಿದರು.
ಬೇಡ, ಉಪವಾಸ, ಎಂದೆ.
ಸೋಮವಾರದ್ದಾ? ಒಳ್ಳೇದು, ಒಳ್ಳೇ ಗಂಡ ಸಿಗ್ತಾನೆ.
ಚಾದ ಹಬೆ ಮಾತ್ರ ಕುಡಿದು ನಡೆದೆ.

ರಟ್ಟೆಗೆ ರಬ್ಬರು ಬಿಗಿದು ಆಗ್ನೆಲಾ ಬಾಯಿ ನರ ತಟ್ಟಿದಳು.
ಹಳದಿ ಮುಚ್ಚಳ, ಬೂದು ಮುಚ್ಚಳ, ಮತ್ತೊಂದು ಹಳದಿ.
ನನ್ನ ಹೆಸರು, ಇಪ್ಪತ್ತಾರು ವಯಸ್ಸು, ದಿನ ಮೂರು.
ಅಜ್ಜಿ ಮುಟ್ಟಗೊಡದ ಮೂರು ದಿನ
ಇಲ್ಲಿ ಅಂಟುಚೀಟಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ.

ನಾಲ್ಕು ದಿನಕ್ಕೆ ಹುಬ್ಬಳ್ಳಿಯಿಂದ ಕಾಗದ ಬಂತು.
ಡಾಕ್ಟರು ಹೇಳಿದ್ದನ್ನು ನಾನು ನನ್ನ ರೂಟಿಗೆ ಇಳಿಸಿಕೊಂಡೆ:
ಸ್ಟಾಪಿನಲ್ಲಿ ಕಾಯುತ್ತ ನಿಂತವರ ತಲೆಲೆಕ್ಕ ಎಎಂಎಚ್.
ನನ್ನಲ್ಲಿ ಜಾತ್ರೆಯಷ್ಟು ಜನ,
ಎಲ್ಲರ ಕೈಯಲ್ಲೂ ಚೀಲ,
ತಿಂಗಳಾದರೂ ಒಬ್ಬರೂ ಹತ್ತುವುದಿಲ್ಲ.
ಎಲ್‌ಎಚ್ಚು ಎಫ್‌ಎಸ್‌ಎಚ್ಚಿನ ಎರಡು ಪಟ್ಟು:
ಹಳೇ ಸೇತುವೆ ನದಿಗೆ ಬಿದ್ದ ಮೇಲೆ
ಹೋಗುವವರೂ ಬರುವವರೂ ಹೊಸದರ ಮೇಲೇ ಏರಿದಂತೆ.
ಟೆಸ್ಟೋಸ್ಟೆರಾನ್ ಗೆರೆ ದಾಟಿದೆ.
ಅದನ್ನು ಹೇಳಬೇಕಿರಲಿಲ್ಲ.
ಕೊರೋನಾ ಮುಗಿದರೂ ಮಾಸ್ಕು ತೆಗೆಯದವಳು ನಾನು,
ಗದ್ದಕ್ಕೆ ಗೊತ್ತಿತ್ತು.

"ಒಂದೇ ಅಂಕಿ ನೋಡಿ ಹೆಸರಿಡೂದಲ್ಲ," ಎಂದರು ಡಾಕ್ಟರು,
"ಎಲ್ಲಾ ಸೇರಿಸಿ ನೋಡೂದು. ಪಿಸಿಓಎಸ್. ಹೆದರಬೇಡ."
ಹೆದರಿಕೆಗಿಂತ ನನಗೆ ಸಿಟ್ಟು ಬಂದಿತ್ತು.
ಹತ್ತು ವರ್ಷ ಎಲ್ಲರೂ ಅಂದದ್ದು: ಅನ್ನ ಕಡಿಮೆ ಮಾಡು.

ಬುಧವಾರ ಸದಾಶಿವಗಡದಲ್ಲಿ ಚೆಕಿಂಗಿನವರು ಹತ್ತಿದರು.
ವೇ ಬಿಲ್ ಜತೆಗೆ ಆ ಕಾಗದವೂ ಅವರ ಕೈಗೆ ಹೋಯಿತು.
ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು,
ದಪ್ಪಕ್ಷರದ ಅಂಕಿಗಳ ಮೇಲೆ ಬೆರಳಿಟ್ಟು.
"ಇದೇನಮ್ಮ, ತಾಳೆ ಆಗೂದಿಲ್ಲ?"
ಆಗೂದಿಲ್ಲ ಸಾರ್. ಟಿಕೆಟಿಂದು ಆಗ್ತದೆ, ನೋಡಿ.

ಅಷ್ಟರಲ್ಲಿ ಚಿತ್ತಾಕುಲ. ಮೂವರು ಹೆಂಗಸರು ಹತ್ತಿದರು.
ಮಾಸ್ಕು ಕೆಳಗಿಳಿಸಿ ಕೂಗಿದೆ:
ಒಳಗೆ ಹೋಗಿ, ಒಳಗೆ ಜಾಗ ಇದೆ.