ಹೆಚ್ಚುವರಿ ಪ್ರತಿ ಒಂದು

ಹಂಪನಕಟ್ಟೆಯ ಹಳೇ ಕಟ್ಟಡದ ಮೆಟ್ಟಿಲಡಿಗೆ
ಒಂದು ಝೆರಾಕ್ಸ್ ಮೆಷಿನು, ಒಂದು ಕಂಪ್ಯೂಟರು, ನಾನು.
ಹನ್ನೊಂದು ವರ್ಷ ಊರವರ ಬಯೋಡಾಟಾ ಟೈಪು ಮಾಡಿದ್ದೇನೆ.
'ಕಠಿಣ ಪರಿಶ್ರಮಿ' ಎಂಬುದು
ಕಣ್ಣು ಮುಚ್ಚಿದರೂ ಬೆರಳಿಗೆ ಬರುತ್ತದೆ.

ಬಜಾಲಿನ ಹುಡುಗ, ಕುಳಾಯಿಯ ಹುಡುಗಿ,
ಬಂದವರೆಲ್ಲ ಹೇಳುವುದು ಒಂದೇ:
"ಅಕ್ಕ, ನನ್ನದು ಸ್ವಲ್ಪ ಬೇರೆ ಕಾಣಬೇಕು."
ಬೇರೆ ಕಾಣಲಿ ಎಂದು ಹೆಸರಿನ ಕೆಳಗೆ
ನೀಲಿ ಗೆರೆ ಎಳೆದು ಕೊಡುತ್ತಿದ್ದೆ.
ಸಂಜೆಯಾದರೆ ಮೂವತ್ತು ನೀಲಿ ಗೆರೆಗಳು
ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತಿ ಹೋಗುತ್ತಿದ್ದವು.

ಹವ್ಯಾಸ: ಓದುವುದು, ಸಂಗೀತ ಕೇಳುವುದು.
ಬೂತಾಯಿಯ ಮುಳ್ಳು ಬಿಡಿಸಿ
ತಂಗಿಯ ಬಟ್ಟಲಿಗೆ ಹಾಕುವುದು ಎಂದು
ಯಾರೂ ಬರೆಸಲಿಲ್ಲ.
ನಾನೂ ಕೇಳಲಿಲ್ಲ. ಪುಟಕ್ಕೆ ಇಪ್ಪತ್ತು ರೂಪಾಯಿ,
ಹೆಚ್ಚುವರಿ ಪ್ರತಿ ಒಂದು ಇರಲಿ ಎಂದು ಮಾತ್ರ
ಎಲ್ಲರಿಗೂ ಹೇಳುತ್ತಿದ್ದೆ.

ಈಗ ಕಟ್ಟಡ ಒಡೆಯುತ್ತಾರಂತೆ.
ಹಿಲ್ಡಾ ಬಾಯಮ್ಮ ಬೀಗದ ಕೈ ತಿರುಗಿಸುತ್ತಾ
"ತಿಂಗಳ ಕೊನೆಗೆ, ಸುಗಂಧಿ" ಎಂದರು,
ಮತ್ತೆ ಎಂತದೋ ಹೇಳಲಿಕ್ಕೆ ಬಾಯಿ ತೆರೆದು
ಒಂದು ಚಹಾ ತರಿಸಿದರು.

ಅವತ್ತು ರಾತ್ರಿ ಹೊಸ ಫೈಲು ತೆರೆದೆ.
ಹೆಸರು: ಸುಗಂಧಿ ಕರ್ಕೇರ. ವಯಸ್ಸು: ಮೂವತ್ತೊಂಬತ್ತು.
ಅನುಭವ:
ಅಲ್ಲಿ ಕರ್ಸರು ನಿಂತು ಕಣ್ಣು ಹೊಡೆಯಿತು,
ಹೊಡೆಯುತ್ತಲೇ ಇತ್ತು.

ದಕ್ಕೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಕೆಲಸ.
ತಮ್ಮನ ಮಗಳು ತನಿಷ್ಕ, ಎಂಟನೇ ಕ್ಲಾಸು,
ಅಜ್ಜನ ಕನ್ನಡಕ ಏರಿಸಿ ಸಂದರ್ಶನಕ್ಕೆ ಕೂತಳು.
"ಐದು ವರ್ಷದ ನಂತರ ಎಲ್ಲಿರುತ್ತೀರಿ?"
"ಬೋಳೂರಿನಲ್ಲೇ, ಮತ್ತೆಲ್ಲಿಗೆ ಹೋಗುವುದು?"
"ತಪ್ಪು. ಇನ್ನೊಮ್ಮೆ."
"ನಿಮ್ಮ ದೌರ್ಬಲ್ಯ?"
"ಮೊಣಕಾಲು."
ಅವಳು ಕನ್ನಡಕ ತೆಗೆದು ನಗಲಿಕ್ಕೆ ಶುರುಮಾಡಿದಳು,
ನನಗೂ ತಡೆಯಲಿಲ್ಲ,
ಒಳಗಿನಿಂದ ಅಮ್ಮ ತುಳುವಿನಲ್ಲಿ ಬೈದರು.

ಬೆಳಿಗ್ಗೆ ದಕ್ಕೆಯಲ್ಲಿ ಮರದ ಬೆಂಚು, ಹದಿನಾಲ್ಕು ಮಂದಿ.
ಸೀರೆಯ ತುದಿ ಒದ್ದೆ, ಚಪ್ಪಲಿಗೆ ಮೀನಿನ ಹುಡಿ.
ಮಡಿಲ ಮೇಲಿನ ಫೈಲುಗಳ ಕಡೆ ಕಣ್ಣು ಹಾಯಿಸಿದೆ.
ನೀಲಿ ಗೆರೆ.
ನೀಲಿ ಗೆರೆ.
ಆಚೆ ಮೂಲೆಯಲ್ಲಿಯೂ.
ಆರು ಮಂದಿ ನನ್ನ ಕೈಯಿಂದಲೇ ಹೊರಟವರು.

ಪಕ್ಕದಲ್ಲಿ ಸಫ್ವಾನ್. ಬೆಂಗ್ರೆಯಿಂದ ಮೊದಲ ದೋಣಿಗೆ ಬಂದವನು.
ಅವನ ಹಾಳೆಯನ್ನು ತಲೆಕೆಳಗಾಗಿ ಓದಿದೆ,
ಅದು ನನ್ನ ಚಾಳಿ.
ಫೋನ್ ನಂಬರು ಎಣಿಸಿದೆ. ಒಂಬತ್ತು ಅಂಕಿ.
ಮತ್ತೆ ಎಣಿಸಿದೆ.
ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು.

ಮೂವರು ಕೂತಿದ್ದರು, ಒಬ್ಬರು ಎಲೆ ಅಡಿಕೆ ಜಗಿಯುತ್ತಿದ್ದರು.
"ಇಷ್ಟು ಜನ ಬಂದಿದ್ದಾರೆ. ನಿಮ್ಮಲ್ಲಿ ಎಂತ ವಿಶೇಷ ಉಂಟು?"
ಬಾಯಿಪಾಠ ಮಾಡಿದ ನಾಲ್ಕು ವಾಕ್ಯ
ಗಂಟಲಲ್ಲೇ ಕಾಗದದ ಹಾಗೆ ಸಿಕ್ಕಿಕೊಂಡಿತು.
"ಹೊರಗೆ ಕೂತವರಲ್ಲಿ ಆರು ಮಂದಿಯ ಅರ್ಜಿ ನಾನು ಟೈಪು ಮಾಡಿದ್ದು.
ಒಂದರಲ್ಲಿ ನಂಬರಿನ ಕೊನೆಯ ಅಂಕಿ ಬಿಟ್ಟುಹೋಗಿದೆ.
ತಪ್ಪು ನನ್ನದು, ಹುಡುಗನದ್ದಲ್ಲ.
ಅವನನ್ನು ಕರೆಯುವುದಿದ್ದರೆ ಏಳು ಸೇರಿಸಿಕೊಳ್ಳಿ."

ಕೆಳಗೆ ಐಸ್ ಪುಡಿ ಮಾಡುವ ಯಂತ್ರ
ಗಡಗಡ ಅಂದಿತು, ನಿಂತಿತು.
ಜಗಿಯುವವರು ಜಗಿಯುವುದು ಬಿಟ್ಟು
ಪೆನ್ನು ಹುಡುಕಿದರು.
"ಏಳು ಅಂತ ಹೇಗೆ ನೆನಪಿದೆ?"
"ಅವನು ಎರಡು ಸಲ ಹೇಳಿದ್ದ."
"ಸರಿ, ತಿಳಿಸುತ್ತೇವೆ."
ತಿಳಿಸುತ್ತೇವೆ ಎಂದರೆ ಏನೆಂದು
ಹನ್ನೊಂದು ವರ್ಷ ಕೇಳಿದ ಕಿವಿಗೆ ಗೊತ್ತು,
ಆದರೂ ಮೆಟ್ಟಿಲಿಳಿಯುವಾಗ ಮೊಣಕಾಲು ನೋಯಲಿಲ್ಲ.

"ಅಕ್ಕ, ಎಂತ ಕೇಳಿದ್ರು?"
ಹೇಳಬೇಕೋ ಬೇಡವೋ ಎಂದು
ಒಂದು ಬೋಟು ದಡಕ್ಕೆ ತಾಗುವಷ್ಟು ಹೊತ್ತು ಯೋಚಿಸಿದೆ.
ಬರೆದುಕೊಳ್ಳಲು ಅವನ ಬಳಿ ಖಾಲಿ ಹಾಳೆ ಇರಲಿಲ್ಲ.
ಚೀಲದಿಂದ ನನ್ನ ಹೆಚ್ಚುವರಿ ಪ್ರತಿ ತೆಗೆದು ಮಗುಚಿ ಕೊಟ್ಟೆ.
"ಬರಿ. ಮೊದಲು ನಿನ್ನ ನಂಬರು,
ಪೂರ್ತಿ."